ಅಂದಾಜಿನ ಬಿಲ್ಲು

ಮೀಟರ್ ಓದಲು ಬಂದವನಿಗೆ ಹೆಂಡತಿ ನಗುನಗುತ್ತ ಒಂದು ಲೋಟ ಮಜ್ಜಿಗೆ ಕೊಟ್ಟಿದ್ದನ್ನು ಕಂಡ ದಿನದಿಂದ ತಿಪ್ಪೇಶನ ಹೊಟ್ಟೆಯುರಿ ಆರಿರಲಿಲ್ಲ. ತನ್ನೆದುರು ಅವಳು ಯಾವತ್ತೂ ಹಾಗೆ ನಕ್ಕವಳಲ್ಲ. ಮೂರು ತಿಂಗಳು ಕಳೆದು, ಮೂರು ಪಟ್ಟು ಕರೆಂಟ್ ಬಿಲ್ಲು ಬಂದಾಗ ಅವನು ಬಿಲ್ಲು ಹಿಡಿದು ಆಫೀಸಿಗೆ ನುಗ್ಗಿದ.

"ನಿಮ್ಮ ಆ ಮಜ್ಜಿಗೆರಾಯ ಮೀಟರ್ ನೋಡದೇ ಮನಸ್ಸಿಗೆ ಬಂದಷ್ಟು ಬರೆದಿದ್ದಾನೆ!"

ಕೌಂಟರಿನಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿದಳು. "ಮೀಟರ್ ನಿಮ್ಮ ಮನೆ ಒಳಗಿದೆ ಸರ್. ಮೂರು ತಿಂಗಳೂ ಅವರು ಬಂದಾಗ ಬಾಗಿಲಿಗೆ ಬೀಗ. ಅದಕ್ಕೇ ಅಂದಾಜಿನ ಬಿಲ್ಲು. ಮನೇಲಿ ಯಾರಾದರೂ ಇದ್ದಿದ್ದರೆ ಬಾಗಿಲು ತೆಗೀತಿದ್ದರು."

"ನನ್ನ ಹೆಂಡತಿ ಇದ್ದಳಲ್ರೀ!" ತಿಪ್ಪೇಶ ಕಿರುಚಿದ. "ಬೀಗದಕೈ ನನ್ನ ಜೇಬಲ್ಲಿದ್ದರೆ ಅವಳು ಹೇಗೆ ತೆಗೀತಾಳೆ?"