ಮಾರೆನ್‌ಳ ಕೋಟು

ಸೀವರ್ಟ್ ದೋಣಿಯಿಂದಿಳಿದು ನಾಲ್ಕು ಹೆಜ್ಜೆ ಇಟ್ಟಿದ್ದನಷ್ಟೇ, ಕಲ್ಲುಗೂಡಿನಲ್ಲಿ ಕಾವು ಕೂತಿದ್ದ ಈಡರ್ ಬಾತು ದಡಬಡನೆ ಎದ್ದು ನೀರಿಗೆ ಬಿತ್ತು. ಮನೆಯ ಬಾಗಿಲಲ್ಲಿದ್ದ ಚಿಕ್ಕಮ್ಮ ಯೋರುನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಿರುಚಬೇಕೆನಿಸಿದರೂ ಕಿರುಚುವ ಹಾಗಿರಲಿಲ್ಲ. ಹಕ್ಕಿ ಮೊಟ್ಟೆಯ ಮೇಲಿರುವಾಗ ಆ ದ್ವೀಪದಲ್ಲಿ ಯಾರೂ ದನಿ ಎತ್ತುವುದಿಲ್ಲ.

“ಬೇಗ ಒಳಗೆ ಬಾ,” ಅವಳು ಪಿಸುಗುಟ್ಟಿದಳು. “ಅದೇನೋ ವೇಷ ನಿಂದು? ಹೊತ್ತಿ ಉರಿಯೋ ಒಲೆ ನಡ್ಕೊಂಡು ಬಂದಂಗಿದೆ!”

ಸೀವರ್ಟ್ ತನ್ನ ಕಿತ್ತಳೆ ಬಣ್ಣದ ಹೊಸ ಜಾಕೆಟ್ಟನ್ನು ನೋಡಿಕೊಂಡ. ಸ್ವಾಲ್ಬಾರ್ಡಿನ ತನಕ ಉತ್ತರದ ದ್ವೀಪಗಳನ್ನೆಲ್ಲ ಸುತ್ತಿ, ಹಿಮಕರಡಿ, ಕಡಲಹದ್ದುಗಳನ್ನು ಕ್ಯಾಮೆರಾದಲ್ಲಿ ಹಿಡಿದು ಹೆಸರು ಮಾಡಿದವನು ಹುಟ್ಟಿದ ದ್ವೀಪದ ಮೊದಲ ಪಾಠವನ್ನೇ ಮರೆತಿದ್ದ. ಕಾಡುಬಾತುಗಳಿಗೆ ಕಲ್ಲುಗೂಡು ಕಟ್ಟಿಕೊಟ್ಟು ಕಾಯುವುದು, ಮರಿಗಳು ಹೋದ ಮೇಲೆ ಗೂಡಿನಲ್ಲುಳಿದ ತುಪ್ಪುಳ ಆಯ್ದು ಮಾರುವುದು ಅಲ್ಲಿನವರ ಕಸುಬು. ಬಾತುಗಳು ಬಂದಂದಿನಿಂದ ಮರಿ ಕಟ್ಟಿಕೊಂಡು ಕಡಲಿಗಿಳಿಯುವವರೆಗೆ ಹಕ್ಕಿ ಕಾಯುವವರು ತೊಟ್ಟ ಬಟ್ಟೆ ಬದಲಿಸುವುದಿಲ್ಲ. ಬಾತಿಗೆ ಮುಖದ ಗುರುತಿಲ್ಲ, ಬಟ್ಟೆಯದೇ ಗುರುತು ಎಂಬುದು ಹಿರಿಯರ ಮಾತು. ಅವನ ಅಮ್ಮ ಮಾರೆನ್ ಬದುಕಿದ್ದಷ್ಟು ವರ್ಷವೂ ಅದೇ ಕಂದು ಕೋಟು, ಅದೇ ಬೂದು ತಲೆವಸ್ತ್ರ. ಅವಳು ತೀರಿಕೊಂಡ ಮೇಲೆ ಚಿಕ್ಕಮ್ಮ ಅವನ್ನೇ ತೊಟ್ಟು ಹಕ್ಕಿಗಳ ನಂಬಿಕೆ ಉಳಿಸಿಕೊಂಡಿದ್ದಳು.

“ಆ ಗೂಡು ನಿಮ್ಮಮ್ಮ ಕಟ್ಟಿದ್ದು. ಈ ಸಲ ದ್ವೀಪಕ್ಕೆ ಬಂದಿದ್ದೇ ಇದೊಂದು ಹಕ್ಕಿ ಕಣೋ. ಮೊಟ್ಟೆ ಮೇಲೆ ತುಪ್ಪುಳ ಹೊದಿಸದೆ ಓಡಿದೆ. ತಣ್ಣಗಾದ್ರೆ ಮುಗೀತು. ಮರಿ ಆಗ್ಲಿಲ್ಲ ಅಂದ್ರೆ ಮುಂದಕ್ಕೆ ಬರೋರು ಯಾರು? ಅವು ಹುಟ್ಟಿದ ಕಡೆಗೇ ಅಲ್ವಾ ಬರೋದು?”

“ನೀನು ಹೋಗಿ ಹೊದಿಸಿಬಿಡು, ಚಿಕ್ಕಮ್ಮ.”

“ಮೊನ್ನೆ ಪಾಚಿ ಮೇಲೆ ಜಾರಿ ಬಿದ್ದೆ. ಮಂಡಿ ಊರಕ್ಕಾಗಲ್ಲ.” ಅವಳು ಮೈಮೇಲಿದ್ದ ಕೋಟು ಬಿಚ್ಚಿ ಅವನ ಎದೆಗೆ ತಳ್ಳಿದಳು. “ಮಾಡಿದ್ದುಣ್ಣೋ ಮಹರಾಯ. ಹಾಕ್ಕೋ. ತಲೆವಸ್ತ್ರಾನೂ ಕಟ್ಕೋ. ಕತ್ತಿಗೆ ನೇತಾಕ್ಕೊಂಡಿರೋ ಆ ಒಂಟಿಕಣ್ಣಿನ ಭೂತಾನ ಇಲ್ಲೇ ಇಡು.”

“ಆ ಗೂಡಿನ ಫೋಟೋಗೇ ನಾನು ಬಂದಿದ್ದು…”

“ಅದನ್ನ ನೋಡಿದ್ರೆ ಹಕ್ಕಿ ಇನ್ನು ಈ ಕಡೆ ತಲೆ ಹಾಕಲ್ಲ. ಇಡು!”

ಕಿಟಕಿಯ ಪಕ್ಕದ ಮೇಜಿನ ಮೇಲೆ, ಬ್ರೆಡ್ಡು ಚೀಸಿನ ತಟ್ಟೆಯ ಹತ್ತಿರ, ಸೀವರ್ಟ್ ಕ್ಯಾಮೆರಾ ಇಟ್ಟು ಹೊರಟ.

ಕೋಟಿನಲ್ಲಿ ಇನ್ನೂ ಗೂಡಿಗೆ ಹಾಸುವ ಒಣಪಾಚಿಯ, ಕಾಫಿಯ ವಾಸನೆಯಿತ್ತು. ಬಗ್ಗಿ ನಡೆಯುತ್ತಿದ್ದವನಿಗೆ ಬಾಲ್ಯದ ವಸಂತಗಳೆಲ್ಲ ಒಟ್ಟಿಗೆ ನೆನಪಾದವು. ಆ ದಿನಗಳಲ್ಲಿ ಸುತ್ತಿಗೆ ಬಡಿಯುವಂತಿರಲಿಲ್ಲ, ಬಣ್ಣದ ಬಟ್ಟೆ ಒಣಹಾಕುವಂತಿರಲಿಲ್ಲ, ನೆಂಟರಾಗಲಿ ಕ್ಯಾಮೆರಾ ಆಗಲಿ ದಡ ಹತ್ತುವಂತಿರಲಿಲ್ಲ. ಸಿಳ್ಳೆ ಹಾಕಬೇಕಿದ್ದರೂ ಮರಿಗಳು ಕಡಲು ಸೇರುವ ತನಕ ತುಟಿ ಬಿಗಿಹಿಡಿಯಬೇಕಿತ್ತು. ಅಮ್ಮನನ್ನು ನೆನೆದರೆ ಅವನಿಗೆ ಇಂದಿಗೂ ಕೇಳಿಸುವುದು ಪಿಸುಮಾತೇ. ಅವಳದೆಂದು ಉಳಿದ ಫೋಟೋ ಒಂದೇ ಒಂದು: ಯಾರದೋ ಮದುವೆಯಲ್ಲಿ, ಎರವಲು ಟೋಪಿ ಹಾಕಿಕೊಂಡು, ಹಲ್ಲುನೋವು ಬಂದವಳ ಹಾಗೆ ನಿಂತದ್ದು. ಅದು ತನ್ನ ಅಮ್ಮನೇ ಅಲ್ಲ ಎಂದು ಅವನಿಗೆ ಯಾವಾಗಲೂ ಅನ್ನಿಸುತ್ತಿತ್ತು. ಅವಳು ಕಟ್ಟಿದ ಗೂಡನ್ನಾದರೂ ಹಿಡಿದಿಟ್ಟುಕೊಳ್ಳೋಣವೆಂದು ಇಷ್ಟು ದೂರ ಬಂದಿದ್ದ.

ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ತುಪ್ಪುಳ ಎಳೆದು ಹೊದಿಸಿ, ಪಕ್ಕಕ್ಕೆ ಸರಿದು, ಮನೆಗೆ ಬೆನ್ನು ಮಾಡಿ ಮಂಡಿಯೂರಿ ಕೂತ. “ಬಾ ತಾಯಿ, ಬಾ,” ಎಂದು ಪಿಸುಗುಟ್ಟಿದ. ಅದು ಅಮ್ಮ ಕರೆಯುತ್ತಿದ್ದ ರೀತಿ ಎಂಬುದು ಕರೆದ ಮೇಲೆ ನೆನಪಾಯಿತು.

ಬಾತು ನೀರಿನಿಂದ ಹೊರಬಂದು ತುಸು ಹೊತ್ತು ನಿಂತಿತು. ಕೋಟನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಬಳುಕುತ್ತ ಬಂದು, ಅವನ ಮಂಡಿಗೆ ಮೈ ಸವರಿಕೊಂಡೇ ಗೂಡು ಹೊಕ್ಕಿತು. ಅಷ್ಟು ಹತ್ತಿರದಲ್ಲಿ, ಅಂಥ ಬೆಳಕಿನಲ್ಲಿ ಯಾವ ಹಕ್ಕಿಯೂ ಅವನಿಗೆ ಸಿಕ್ಕಿರಲಿಲ್ಲ. ಅಭ್ಯಾಸಬಲದಿಂದ ಎದೆಯತ್ತ ಹೋದ ಕೈ ಬರಿದೇ ಮರಳಿತು. ಫೋಟೋ ತಪ್ಪಿತೆಂದು ಅವನಿಗೆ ಬೇಸರವಾಗಲಿಲ್ಲ. ಅಳು ಬಂತು.

ಮನೆಗೆ ಬಂದಾಗ ಚಿಕ್ಕಮ್ಮ ಕ್ಯಾಮೆರಾವನ್ನು ಬಿಸಿ ಪಾತ್ರೆ ಹಿಡಿದಂತೆ ಹಿಡಿದು ನಿಂತಿದ್ದಳು. “ನೀನು ಬರಿಗೈಲಿ ಕೂತಿದ್ದು ನೋಡಿ ಸಂಕಟ ಆಯ್ತು ಕಣೋ. ಕಿಟಕಿಯಿಂದ್ಲೇ ಎಲ್ಲೋ ಒತ್ತಿದೆ. ಬೈಬೇಡ.”

ಸೀವರ್ಟ್ ನೋಡಿದ. ಹಳೆಯ ಗಾಜಿನಾಚೆ ಎಲ್ಲವೂ ವಾರೆಯಾಗಿ ಮಸುಕಾಗಿತ್ತು. ಕಂದು ಕೋಟು, ಬೂದು ತಲೆವಸ್ತ್ರ, ಬಾಗಿದ ಬೆನ್ನು, ಅದರತ್ತ ನಡೆದು ಬರುತ್ತಿರುವ ಹಕ್ಕಿ. ಅಲ್ಲಿ ಕೂತಿರುವುದು ತಾನೇ ಎಂಬುದು ಅವನಿಗೆ ಒಂದು ಗಳಿಗೆ ಹೊಳೆಯಲೇ ಇಲ್ಲ.

“ಕೆಟ್ಟುಹೋಯ್ತಾ?” ಚಿಕ್ಕಮ್ಮ ಇಣುಕಿ ಪೇಚಾಡಿಕೊಂಡಳು. “ಅಯ್ಯೋ, ಮುಖಾನೇ ಬಂದಿಲ್ವಲ್ಲೋ!”

“ಆ ಬಾತು ಮುಖ ಕೇಳ್ತಾ, ಚಿಕ್ಕಮ್ಮ? ನಂಗೂ ಬೇಡ,” ಅವನು ಪಿಸುಗುಟ್ಟಿದ. “ಅಮ್ಮ ಇದ್ದಿದ್ದೇ ಹೀಗೆ.”