ಧಣಿಯ ತಲೆ

ಧಣಿಯ ಕಂಚಿನ ತಲೆಯನ್ನು ಲಾರಿಯವರು ಎರಕದ ಮನೆಯ ನೆಲದ ಮೇಲೆ ಇಳಿಸಿ ಹೋದರು. ಕುಲುಮೆ ಆಗಲೇ ಹೊತ್ತಿಕೊಂಡಿತ್ತು. ಪ್ರತಿಮೆಯ ಮೇಲೆ ಯಾರೋ ಎರಚಿದ ಕೆಂಪು ಬಣ್ಣ ಇನ್ನೂ ಮುಖಕ್ಕೆ ಮೆತ್ತಿಕೊಂಡೇ ಇತ್ತು. ಕರಗಿಸುವ ಮುಂಚೆ ಅದನ್ನು ತೆಗೆಯಬೇಕೆಂದು ಶಿಲ್ಪಿ ಹೇಳಿದ್ದರಿಂದ ಅವನ ಮಗಳು ಸೀಮೆಎಣ್ಣೆಯ ಚಿಂದಿ ಹಿಡಿದು ಕುಕ್ಕರುಗಾಲಲ್ಲಿ ಕೂತಳು. ಹಣೆ ಒರೆಸಿದಳು, ಮೂಗು ಒರೆಸಿದಳು. ಅಲ್ಲಿಗೆ ಅವಳ ಕೈ ನಿಂತಿತು.

"ಅಪ್ಪಾ, ಇದು ಅಜ್ಜ."

"ಹೂಂ," ಎಂದ ಶಿಲ್ಪಿ, ಇಕ್ಕಳದ ತುಕ್ಕು ಉಜ್ಜುತ್ತಲೇ. "ಧಣಿಯ ಚಿತ್ರ ಒಂದೂ ಉಳಿದಿರಲಿಲ್ಲ ಕಣೇ. ಪ್ರತಿಮೆ ಮಾಡ್ಕೊಡು ಅಂದವರಿಗೂ ಅವನ ಮುಖ ಗೊತ್ತಿರಲಿಲ್ಲ. ಮನೇಲಿ ಬಿಟ್ಟಿ ಸಿಕ್ಕಿದ ಮುಖ ಇದೊಂದೇ. ಗಡ್ಡ ಮಾತ್ರ ನಾನು ಸೇರಿಸಿದ್ದು."

ಊರಿನ ಸೇತುವೆ ಕಟ್ಟಿಸಿದವನು ಧಣಿ. ಜೀತದಾಳುಗಳಿಂದ ಕಟ್ಟಿಸಿದ್ದ, ಓಡಿಹೋಗಿ ಸಿಕ್ಕಿಬಿದ್ದವರ ಅಂಗಾಲಿಗೆ ಬರೆ ಹಾಕಿಸಿದ್ದ. ಶಾಲೆಯಲ್ಲಿ ಇತಿಹಾಸ ಕಲಿಸುವ ಮಗಳು ಸಮಿತಿಯಲ್ಲಿ ಕೂತು, ಗಂಟಲು ಹರಿಯುವಂತೆ ವಾದಿಸಿ ಪ್ರತಿಮೆಯನ್ನು ಇಳಿಸಿದ್ದಳು. ಅದೇ ಕಂಚಿನಲ್ಲಿ ಆ ಆಳುಗಳ ಹೆಸರಿನ ಫಲಕ ಆಗಬೇಕು, ಧಣಿಯ ಅಂಗಿಯ ಒಂದು ಗುಂಡಿಯೂ ಉಳಿಯಕೂಡದು ಎಂದು ತುಂಬಿದ ಸಭೆಯಲ್ಲಿ ಮಾತು ಕೊಟ್ಟಿದ್ದಳು. ಮನೆಯಲ್ಲಿ ಅಪ್ಪನದು ಒಂದೇ ಪಲ್ಲವಿ: "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು." ಅಪ್ಪ ಧಣಿಯ ಪರ ವಕಾಲತ್ತು ಮಾಡುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು.

"ತಲೆ ಒಂದು ಬಿಟ್ಟುಬಿಡು," ಎಂದ ಶಿಲ್ಪಿ ಈಗ. "ಫಲಕಕ್ಕೆ ಮೈಯ ಕಂಚೇ ಸಾಕು. ಅಜ್ಜಂದು ನೆಟ್ಟಗಿರೋ ಫೋಟೋ ಕೂಡ ಇಲ್ಲ ನಮ್ಮ ಹತ್ರ."

ಮಗಳು ಚಿಂದಿ ಕೆಳಗಿಟ್ಟಳು. ಈ ಮೂಗನ್ನು ಹಿಡಿದು ಜಗ್ಗುತ್ತ, ಈ ಮನುಷ್ಯನ ಹೆಗಲ ಮೇಲೆ ಕೂತು ಅವಳು ಊರೆಲ್ಲ ನೋಡಿದ್ದಳು. ಸಭೆಗೆ ಏನೆಂದು ಹೇಳುವುದು?

"ಅಜ್ಜ ಏನು ತಪ್ಪು ಮಾಡಿದ್ದ? ಅವನೇನು ಯಾರಿಗೂ ಬರೆ ಹಾಕಿದವನಲ್ಲ," ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಂಡಂತೆ.

ಶಿಲ್ಪಿಯ ಕಣ್ಣು ಕಿಟಕಿಯ ಕಡೆಗೆ ಹೋಗಿ ಬಂತು. ಅಲ್ಲಿ ಬೆತ್ತದ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದಳು. ಅಜ್ಜಿಯ ಎಡಗಿವಿ ಕೇಳಿಸದು. ಮನೆಯವರೆಲ್ಲ ಅವಳ ಬಲಕ್ಕೆ ಹೋಗಿಯೇ ಮಾತಾಡುವುದು. ಮಗಳು ಅಪ್ಪನ ಮುಖ ನೋಡಿದಳು, ಅಜ್ಜಿಯ ಕಿವಿ ನೋಡಿದಳು.

"ಆ ಕಿವಿ ಜ್ವರ ಬಂದು ಹೋಯ್ತು ಅಂತಿದ್ರಲ್ಲ?"

"ಮೆಲ್ಲಗೆ ಮಾತಾಡು. ಆ ಕಾಲದಲ್ಲಿ ಎಲ್ಲರೂ..."

"ಎಲ್ಲರೂ ಅಂದ್ರೆ ಯಾರ್ಯಾರೋ?" ಅಜ್ಜಿಯ ದನಿ ಕಿಟಕಿಯಿಂದ ಬಂತು, ತರಕಾರಿಯ ರೇಟು ಕೇಳುವಷ್ಟೇ ಸಮಾಧಾನವಾಗಿ. "ನಾನೂ ಆ ಕಾಲದವಳೇ ಅಲ್ವಾ? ನಾನು ಯಾರಿಗೂ ಹೊಡೀಲಿಲ್ಲ."

ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ತಲೆಯ ಮುಂದೆ ನಿಂತಳು. ಎಷ್ಟೋ ಹೊತ್ತು ನೋಡಿದಳು.

"ಮೂಗು ಚೆನ್ನಾಗಿ ಕೂರಿಸಿದೀಯ. ಈ ಗಡ್ಡ ಯಾಕೆ ಅಂಟಿಸಿದ್ಯೋ? ಇವರಿಗೆ ಗಡ್ಡ ಕಂಡ್ರೆ ಆಗ್ತಿರಲಿಲ್ಲ." ಆಮೇಲೆ ಮೂಲೆಯ ಮರದ ಸ್ಟೂಲು ತೋರಿಸಿದಳು. "ಎತ್ತಿ ಅದರ ಮೇಲಿಡಿ. ನನ್ನ ಕುರ್ಚಿ ಎದುರಿಗೆ ಹಾಕಿ."

ತಂದೆ ಮಗಳು ಇಬ್ಬರೂ ಸೇರಿ ಏದುಸಿರು ಬಿಡುತ್ತ ತಲೆಯನ್ನು ಎತ್ತಿಟ್ಟರು. ಅಜ್ಜಿ ಕೂತಳು. ಸೇತುವೆಯ ಬುಡದಲ್ಲಿ ಅಷ್ಟು ವರ್ಷ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದ ಕಣ್ಣುಗಳು ಈಗ ಅವಳ ಕಣ್ಣಿನ ಮಟ್ಟಕ್ಕೇ ಇದ್ದವು.

"ಅಜ್ಜೀ, ಏನು ಮಾಡಲಿ ಹೇಳು. ಇಟ್ಕೊಳ್ಳೋಣವಾ?" ಎಂದಳು ಮೊಮ್ಮಗಳು, ಅವಳ ಬಲಕ್ಕೆ ಬಂದು.

"ನಾಳೆ ಕರಗಿಸಿದ್ರಾಯ್ತು, ಪುಟ್ಟಾ. ಇವತ್ತು ಬೆಂಕಿ ಆರಿಸಿ ನೀವಿಬ್ಬರೂ ಆಚೆ ಹೋಗಿ." ಅಜ್ಜಿ ಕುರ್ಚಿಯನ್ನು ಇನ್ನೊಂಚೂರು ಮುಂದಕ್ಕೆ ಎಳೆದುಕೊಂಡಳು. "ಇವರ ಹತ್ರ ಸ್ವಲ್ಪ ಮಾತಿದೆ. ಇವತ್ತಾದರೆ ಇವರು ಎದ್ದು ಹೋಗೋ ಹಾಗಿಲ್ಲ."