ದಫೇದಾರನ ಸಂಸಾರ

ಇದು ನಡೆದ ಸಂಗತಿ. ನಂಬಿಕೆ ಬಾರದಿದ್ದರೆ ಗಾದ್ರಮ್ಮನನ್ನೇ ಕೇಳಿ. ಕೇಳುವಾಗ ಅವಳ ಕೈಯಲ್ಲಿ ಪೊರಕೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಅಂದು ಕೆರೆಬಿಳಚಿಯ ಆ ಬೀದಿ ಎದ್ದದ್ದೇ ಅವಳ ದನಿಗೆ.

“ಮತ್ತೆ ಒಂದೇ! ಆರು ಬಾತಿಗೆ ಒಂದೇ ಮೊಟ್ಟೆ! ಲೇ ಜಯಪ್ಪಾ, ಹೊರಗೆ ಬಾರಲೇ!”

ಪಕ್ಕದ ಮನೆಯ ಜಯಪ್ಪ ಬೇವಿನ ಕಡ್ಡಿ ಕಚ್ಚಿಕೊಂಡೇ ಮೋಟುಗೋಡೆಯ ಮೇಲೆ ತಲೆ ಎತ್ತಿದ. ದಾವಣಗೆರೆಗೆ ಬಿ.ಎ. ಓದಲು ಹೋಗಿ, ಪದವಿಯೊಂದನ್ನು ಬಿಟ್ಟು ಉಳಿದೆಲ್ಲ ಕಲಿತು ಬಂದವನು. ಬಸ್ ಕಂಡಕ್ಟರು, ರೇಡಿಯೋ ವಾರ್ತೆ, ಊರ ಪಟೇಲರು, ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಬಾತುಕೋಳಿಯದನ್ನೂ. ಅವನು ಹಿತ್ತಲಲ್ಲಿ ನಿಂತು ‘ಕ್ವಾಕ್, ಕ್ವಾಕ್’ ಎಂದರೆ ಸಾಕು, ಗಾದ್ರಮ್ಮನ ಆರೂ ಬಾತುಗಳು ಬೇಲಿ ನುಸುಳಿ ಅವನ ಕಡೆಗೆ ಓಡುತ್ತಿದ್ದವು. ಕಳ್ಳ ಯಾರೆನ್ನಲು ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ಅಕ್ಕಾ, ದೇವರಾಣೆ,” ಎಂದ ಜಯಪ್ಪ. “ನಿನ್ನ ಬಾತು ಇಟ್ಟ ಮೊಟ್ಟೆ ಒಂದೂ ತಪ್ಪದಂಗೆ ನಿನ್ನ ಕೈಗೇ ಬಂದೈತೆ.”

“ಹಂಗಾರೆ ಉಳಿದ ಐದು ಯಾರ ಹೊಟ್ಟೆಗೆ ಹೋದ್ವು?”

“ನನ್ನೇನು ಕೇಳ್ತಿ? ಬಾತುಗಳನ್ನ ಕೇಳು.”

ಬಾತುಗಳು ಬಂದದ್ದು ಹಿಂದಿನ ಸುಗ್ಗಿಯಲ್ಲಿ. ಕುಯ್ಲು ಮುಗಿದ ಭತ್ತದ ಗದ್ದೆಗಳಿಗೆ ಆಂಧ್ರದವನೊಬ್ಬ ಹಿಂಡು ಹೊಡೆದುಕೊಂಡು ಬಂದಿದ್ದ. ಎಲ್ಲವೂ ಎಳೆಯವು, ಎಲ್ಲಕ್ಕೂ ಒಂದೇ ಬಣ್ಣ. ಗಾದ್ರಮ್ಮ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಆರಿಸಿದಳು.

“ಹುಟ್ಟಿದಾಗಿಂದ ಕೋಳಿ ಸಾಕೀನಿ. ಕೂಗೋದು ಹುಂಜ. ಇದಕ್ಕೇನು ಕಾಲೇಜಿಗೆ ಹೋಗಬೇಕಾ?”

ಸೊಲ್ಲೆತ್ತದ ಆರು, ಬಾಯಿಬಡುಕ ಒಂದು. ಬಾತಿನವನು ತಲೆ ಅಲ್ಲಾಡಿಸಿ ತೆಲುಗಿನಲ್ಲಿ ಏನೋ ಉದ್ದಕ್ಕೆ ಹೇಳಿದ. ಕಾಲುವೆ ಕೆಲಸದವರ ಜೊತೆ ತಿರುಗಿ ತೆಲುಗು ಕಲಿತಿದ್ದ ಜಯಪ್ಪನೇ ದುಭಾಷಿ.

“ನಿನ್ನ ಕಣ್ಣಿಗೆ ಕೈ ಮುಗಿದೆ ಅಂತಾನಕ್ಕ.”

ಗಾದ್ರಮ್ಮ ಸೆರಗು ಸರಿಮಾಡಿಕೊಂಡಳು. ಬಾತಿನವನು ಇಬ್ಬರನ್ನೂ ಒಮ್ಮೆ ನೋಡಿ, ಏಳನ್ನೂ ಬುಟ್ಟಿಗೆ ತುಂಬಿಕೊಟ್ಟ.

ಕಚೇರಿ ಬಾಗಿಲಲ್ಲಿ ಕೂಗುವ ಜವಾನನಂತೆ ಅರಚುವ ಬಾಯಿಬಡುಕನಿಗೆ ದಫೇದಾರ ಎಂದು ಹೆಸರಾಯಿತು. ಉಳಿದ ಆರೂ ಪ್ರಾಯಕ್ಕೆ ಬಂದಂತೆ ಬಾಲದ ಮೇಲೆ ಮುಂಗುರುಳಿನಂಥ ಗರಿ ಮೂಡಿ, ನೋಡಲು ಲಕ್ಷಣವಾದವು. ಮಾತಂತೂ ಇಲ್ಲವೇ ಇಲ್ಲ. ನೆಗಡಿಯಾದವರ ಪಿಸುದನಿ ಅಷ್ಟೆ. ನೀರಿಗಿಳಿದರೆ ಮಾತ್ರ ಆರೂ ಸೇರಿ ದಫೇದಾರನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಅವನ ಕತ್ತಿನ ಗರಿಯೆಲ್ಲ ಉದುರಿತ್ತು.

“ಆರು ಹೆಂಡ್ರ ಕಾಟ,” ಎಂದು ಗಾದ್ರಮ್ಮ ಮರುಗುತ್ತಿದ್ದಳು.

“ಕಾಟ ಇರೋದೇ ಬಿಡಕ್ಕ,” ಎಂದು ಜಯಪ್ಪ ಒಪ್ಪುತ್ತಿದ್ದ.

ಮರುಕಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ದಿನಕ್ಕೆ ಆರು ಮೊಟ್ಟೆ ಎಂದು ಹೊನ್ನಾಳಿಯ ನಾದಿನಿ ಉಚ್ಚಂಗಮ್ಮನ ಮುಂದೆ ಅವಳು ಕೊಚ್ಚಿಕೊಂಡಾಗಿತ್ತು. ಬಂದರೆ ಬುಟ್ಟಿ ತುಂಬಾ ಕಳಿಸುತ್ತೇನೆಂದೂ ಹೇಳಿಯಾಗಿತ್ತು. ಆ ನಾದಿನಿ ಭಾನುವಾರ ಬರುವವಳಿದ್ದಳು.

ಗೂಡಿನ ಸುತ್ತ ಒಲೆಯ ಬೂದಿ ಚೆಲ್ಲಿ ಕಾದಳು. ಬೆಳಿಗ್ಗೆ ನೋಡಿದರೆ ಬೂದಿಯ ಮೇಲೆ ಒಂದು ಹೆಜ್ಜೆಯೂ ಇಲ್ಲ, ಗೂಡಿನಲ್ಲಿ ಅದೇ ಒಂದು ಮೊಟ್ಟೆ.

“ನೋಡಿದ್ರಾ! ಕಳ್ಳ ಹಾರ್ಕಂಡು ಬಂದಾನೆ!”

ಗಂಡ ಸಣ್ಣಪ್ಪ ಬೀಡಿ ಆರಿಸಿದ. ಮಾತು ಖರ್ಚಾಗುತ್ತದೆಂದು ಹೆದರಿ ಬದುಕಿದ ಮನುಷ್ಯ. ಅಂದು ಮಾತ್ರ ಒಂದು ತಿಂಗಳದ್ದನ್ನು ಒಟ್ಟಿಗೇ ಆಡಿದ. “ಭಾನುವಾರ ದಫೇದಾರನ್ನ ಸಾರು ಮಾಡು. ಮೊಟ್ಟೆ ಇಡಲ್ಲ, ಬರೀ ಬಾಯಿ. ಉಳಿದವು ಸಂತೇಬೆನ್ನೂರು ಸಂತೆಗೆ.”

ಗಾದ್ರಮ್ಮ ತಲೆಯ ಮೇಲೆ ಕೈಹೊತ್ತು ಕುಳಿತಳು. ಬಾತು ಹೋದರೆ ಹೋಗಲಿ, ನಾದಿನಿಯ ಬಾಯಿಗೆ ಜನ್ಮಪೂರ್ತಿ ಎಲೆಯಡಿಕೆಯಾಗಬೇಕಲ್ಲ!

ಶನಿವಾರ ಸಂಜೆ ಜಯಪ್ಪ ಮೋಟುಗೋಡೆಗೆ ಒರಗಿ ನಿಂತ. “ಅಕ್ಕಾ, ನಾಳೆ ಕುಯ್ಯೋದಾದ್ರೆ ಅವನನ್ನ ಇವತ್ತೇ ಬೇರೆ ಬುಟ್ಟಿ ಅಡಿ ಮುಚ್ಚಿಡು. ಬೆಳಿಗ್ಗೆ ಹಿಡಿಯಾಕೆ ಸಲೀಸು.”

“ಕಳ್ಳನಾದ್ರೂ ಬುದ್ಧಿ ಐತೆ ನಿಂಗೆ,” ಎಂದು ಅವಳು ಹಾಗೆಯೇ ಮಾಡಿದಳು.

ಭಾನುವಾರ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಬರೀ ಹುಲ್ಲು. ಆರು ಬಾತು, ಒಂದೂ ಮೊಟ್ಟೆ ಇಲ್ಲ.

“ಅಯ್ಯೋ ಪಾಪಿ! ಇದ್ದೊಂದನ್ನೂ ಎತ್ತಿದ್ಯಲ್ಲೋ!”

ಜಯಪ್ಪ ಗೋಡೆ ಹತ್ತಿ ಕುಳಿತು ಬುಟ್ಟಿಯನ್ನೇ ನೋಡುತ್ತಿದ್ದ. ಸಣ್ಣಪ್ಪ ಕುಡುಗೋಲು ಹಿಡಿದು ಬಂದ. ಬುಟ್ಟಿಯೊಳಗೆ ದಫೇದಾರ ಒಂದೇ ಸಮನೆ ಕಿರುಚುತ್ತಿದ್ದ. ಗಾದ್ರಮ್ಮ ಕಣ್ಣೊರೆಸಿಕೊಂಡು ಬುಟ್ಟಿ ಎತ್ತಿದಳು.

ದಫೇದಾರನ ಹೊಟ್ಟೆಯಡಿ ಬೆಚ್ಚಗೆ, ಬೆಳ್ಳಗೆ, ಒಂದು ಮೊಟ್ಟೆ.

ಅವಳು ಮೊಟ್ಟೆ ನೋಡಿದಳು. ಬಾಲದ ಮುಂಗುರುಳು ಕುಣಿಸುತ್ತ ನಿಂತ ಆರನ್ನೂ ನೋಡಿದಳು. ಆಮೇಲೆ ನಿಧಾನಕ್ಕೆ ಗೋಡೆಯ ಕಡೆ ತಿರುಗಿದಳು.

“ಲೇ ಜಯಪ್ಪಾ, ಅವತ್ತು ಆ ಬಾತಿನವನು ಖರೇವು ಏನಂದ?”

ಜಯಪ್ಪ ಗಂಟಲು ಸರಿಮಾಡಿಕೊಂಡು, ಬಾತಿನವನದೇ ದನಿ ತೆಗೆದ. “ಅಮ್ಮಾ, ಒಬ್ಬಳೇ ಹೆಂಡ್ತಿಗೆ ಆರು ಮಂದಿ ಗಂಡಂದಿರು ಜಾಸ್ತಿ ಆಗಲ್ವಾ?”

ಸಣ್ಣಪ್ಪ ಕುಡುಗೋಲು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. “ಬಾಯಿ ಮಾಡೋರು ಯಾರು, ಸುಮ್ನಿರೋರು ಯಾರು ಅಂತ ನಮ್ಮನೆ ನೋಡಿಯಾದ್ರೂ ತಿಳೀಬಾರದಾಗಿತ್ತಾ?”

ಗಾದ್ರಮ್ಮನ ನಗು ಕೆರೆಯ ಆಚೆ ದಡದವರೆಗೂ ಕೇಳಿಸಿತು. ಅದಕ್ಕೆ ಸರಿಸಮನಾಗಿ ದನಿ ಕೊಟ್ಟವಳು ದಫೇದಾರ ಒಬ್ಬಳೇ.